ಹೋಪ್‌ಟೌನಿನ ಕ್ಷೌರಿಕ

ಬೆಂಗಳೂರಿನ ದಂಡು ಪ್ರದೇಶದಲ್ಲಿ, ಈಗ ಮಹಾತ್ಮಾ ಗಾಂಧಿ ರಸ್ತೆ ಎನಿಸಿಕೊಂಡಿರುವ ಬೀದಿಯ ಮಗ್ಗುಲಲ್ಲಿ, ಮೇಯೋ ಹಾಲ್ ಎಂಬ ಎರಡಂತಸ್ತಿನ ಹಳೆಯ ಕಟ್ಟಡವೊಂದಿದೆ. ಆ ಆವರಣದಲ್ಲಿ ನ್ಯಾಯಾಲಯಗಳು ನಡೆಯುತ್ತವೆ. ನಮ್ಮ ಮಾವನವರ ಮನೆಯ ಬಾಡಿಗೆಯ ವ್ಯಾಜ್ಯವೊಂದರ ಸಲುವಾಗಿ ಕಳೆದ ವರ್ಷ ನಾನೂ ಅಲ್ಲಿ ನಾಲ್ಕಾರು ಸಲ ಕುಳಿತು, ಎದ್ದು ಬಂದೆ. ಕೋರ್ಟಿನಲ್ಲಿ ಕಾಯುವವನಿಗೆ ಪುಸ್ತಕ ಹಿಡಿಸುವುದಿಲ್ಲ. ಗೋಡೆ ನೋಡುವುದು, ಜನರನ್ನು ನೋಡುವುದು, ಮತ್ತೆ ಗೋಡೆ ನೋಡುವುದು, ಇಷ್ಟೇ. ಬೇಸರ ಕಳೆಯಲೆಂದು ನಮ್ಮ ವಕೀಲರ ಕಿರಿಯ ಸಹಾಯಕನೊಬ್ಬನನ್ನು, “ಈ ಮೇಯೋ ಯಾರಪ್ಪಾ?” ಎಂದು ಕೇಳಿದೆ. “ಯಾರೋ ಹಳೇ ಕಾಲದ ಮೇಯರು ಇರಬೇಕು ಸಾರ್” ಎಂದ. ಆ ಹುಡುಗನನ್ನು ನಗುವ ಹಕ್ಕು ನನಗಿರಲಿಲ್ಲ. ಹಿಂದೊಮ್ಮೆ ನಾನೂ ಹಾಗೆಯೇ ತಿಳಿದಿದ್ದೆ.

ಮೇಯೋ ಎಂಬಾತ ಹಿಂದೂಸ್ಥಾನದ ವೈಸರಾಯ್. ೧೮೬೯ರ ಜನವರಿಯಲ್ಲಿ ಅಧಿಕಾರಕ್ಕೆ ಬಂದವನು, ೧೮೭೨ರ ಫೆಬ್ರವರಿ ೮ರ ಸಂಜೆ ಅಂಡಮಾನಿನಲ್ಲಿ ಕೊಲೆಯಾಗಿ ಸತ್ತ. ಅಧಿಕಾರದಲ್ಲಿರುವಾಗಲೇ ಕೊಲೆಯಾದ ವೈಸರಾಯ್ ಅವನೊಬ್ಬನೇ. ಅವನ ನೆನಪಿಗಾಗಿ ಎದ್ದ ಕಟ್ಟಡದಲ್ಲಿ ಇಂದು ಜಾಮೀನಿನ ಅರ್ಜಿಗಳ ವಿಚಾರಣೆ ನಡೆಯುವುದನ್ನು ನೋಡುವಾಗ ಒಂದು ಸಂಗತಿ ಮನಸ್ಸಿಗೆ ಬಾರದೆ ಇರದು. ಅವನನ್ನು ಕೊಂದವನು ಸರಪಳಿ ಹರಿದುಕೊಂಡು ಬಂದ ಪುಂಡನಲ್ಲ. ಸರ್ಕಾರವೇ ತೂಗಿ ನೋಡಿ, ಇವನಿಂದ ಅಪಾಯವಿಲ್ಲ ಎಂದು ಅರ್ಧ ಬಿಡುಗಡೆ ಮಾಡಿದ್ದ ಕೈದಿ.

ಈ ಹಳೆಯ ಕಥೆಯನ್ನು ನಾನು ಮತ್ತೆ ಬಿಚ್ಚಿ ಓದಲು ಕಾರಣವೊಂದಿದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅದೇ ತಿಂಗಳಲ್ಲಿ ವಯಸ್ಸಾದ ಹೆಂಗಸೊಬ್ಬರು ನನ್ನ ಮನೆಯನ್ನು ಹುಡುಕಿಕೊಂಡು ಬಂದರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರ ಮಗ ಎರಡು ವರ್ಷ ನನ್ನ ತರಗತಿಯಲ್ಲಿದ್ದ. ಓದು ಮುಗಿಸಿ ನಾಲ್ಕು ವರ್ಷವಾಗುವಷ್ಟರಲ್ಲಿ, ಬದುವಿನ ಜಗಳದಲ್ಲಿ ದಾಯಾದಿಯೊಬ್ಬನನ್ನು ಹೊಡೆದು ಕೊಂದ. ಜೀವಾವಧಿ ಶಿಕ್ಷೆಯಾಗಿ ಹದಿನೈದು ವರ್ಷ ಕಳೆದಿದೆ. ಅವಧಿಗೆ ಮೊದಲೇ ಬಿಡುಗಡೆ ಮಾಡಬಹುದೇ ಎಂದು ಈಗ ಯೋಚಿಸುತ್ತಿದ್ದಾರಂತೆ. “ಅವ್ನು ಇನ್ಮೇಲೆ ಇಂಥಾದ್ದು ಮಾಡಾಕಿಲ್ಲ ಅಂತ ತಾವು ಒಂದು ಮಾತು ಬರ್ಕೊಡಿ ಮೇಷ್ಟ್ರೇ, ತಮ್ಮ ಮಾತಿಗೆ ಬೆಲೆ ಐತೆ” ಎಂದರು ಆ ತಾಯಿ. ಆಮೇಲೆ ತಿಳಿದಂತೆ, ಸತ್ತವನ ಹೆಂಡತಿ ಮಕ್ಕಳು ಇರುವುದೂ ಅದೇ ಊರಿನ ಅದೇ ಬೀದಿಯಲ್ಲಿ. ನಾಲ್ಕು ದಿನ ಬಿಟ್ಟು ಬನ್ನಿ ತಾಯಿ ಎಂದು ಹೇಳಿ ಕಳುಹಿಸಿದೆ. ನಾಲ್ಕು ದಿನ ನಾಲ್ಕು ವಾರವಾಯಿತು.

ಒಬ್ಬ ಮನುಷ್ಯ ನಾಳೆ ಏನು ಮಾಡಿಯಾನು ಎಂಬುದನ್ನು ಇನ್ನೊಬ್ಬ ಮನುಷ್ಯ ಬರೆದುಕೊಡುವುದು ಹೇಗೆ? ನನಗೆ ಕಾನೂನು ಬಾರದು. ಕನ್ನಡ ಪಾಠ ಹೇಳುವವನು ತಿಳಿಯದ್ದು ಎದುರಾದಾಗ ಹಳೆಯ ಪುಸ್ತಕಗಳ ಕಡೆಗೆ ತಿರುಗುತ್ತಾನೆ. ನಾನೂ ತಿರುಗಿದೆ.

ಕೈದಿಯನ್ನು ಒಮ್ಮೆಲೇ ಹೊರಕ್ಕೆ ತಳ್ಳದೆ, ಒಂದೊಂದು ಮೆಟ್ಟಿಲಾಗಿ ಇಳಿಸುತ್ತ, ಪ್ರತಿ ಮೆಟ್ಟಿಲಲ್ಲೂ ಅವನನ್ನು ಪರೀಕ್ಷಿಸುವ ಪದ್ಧತಿಯನ್ನು ಮನಸಾರೆ ನಡೆಸಿ ನೋಡಿದ ಮೊದಲಿಗರಲ್ಲಿ ಅಲೆಗ್ಸಾಂಡರ್ ಮೆಕಾನಕಿ ಎಂಬ ಸ್ಕಾಟ್ಲೆಂಡಿನವನು ಮುಖ್ಯನಾದವನು. ನೌಕಾದಳದಲ್ಲಿದ್ದವನು, ನೆಪೋಲಿಯನ್ನನ ಯುದ್ಧದಲ್ಲಿ ಫ್ರೆಂಚರಿಗೆ ಸೆರೆಸಿಕ್ಕಿ ಎರಡು ವರ್ಷಕ್ಕೂ ಮೇಲೆ ಬಂದಿಯಾಗಿದ್ದವನು. ಸೆರೆಮನೆಯ ಸುಧಾರಕರಲ್ಲಿ ಸ್ವತಃ ಸೆರೆಯುಂಡವರು ಹೆಚ್ಚಿಲ್ಲ. ಆಮೇಲೆ ಲಂಡನ್ನಿನಲ್ಲಿ ಭೂಗೋಳಶಾಸ್ತ್ರದ ಪ್ರಾಧ್ಯಾಪಕನೂ ಆಗಿದ್ದ. ಮೇಷ್ಟರ ಕುಲದವನೆಂದು ನನಗೆ ಅವನ ಮೇಲೆ ತುಸು ಪಕ್ಷಪಾತವಿದ್ದರೆ ಓದುಗರು ಕ್ಷಮಿಸಬೇಕು.

೧೮೪೦ರ ಮಾರ್ಚಿಯಲ್ಲಿ ಈತ ನಾರ್‌ಫೋಕ್ ದ್ವೀಪದ ಅಧಿಕಾರ ವಹಿಸಿಕೊಂಡ. ಅದು ಸಿಡ್ನಿಗೆ ಸುಮಾರು ಸಾವಿರ ಮೈಲಿ ದೂರದಲ್ಲಿ ಸಮುದ್ರದ ನಡುವೆ ಇರುವ ಸಣ್ಣ ನಡುಗಡ್ಡೆ. ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಗಡೀಪಾರಾಗಿ, ಅಲ್ಲಿಯೂ ಮತ್ತೆ ಅಪರಾಧ ಮಾಡಿದವರನ್ನು ಅಲ್ಲಿಗೆ ಅಟ್ಟುತ್ತಿದ್ದರು. ಚಾಟಿ, ಸಂಕೋಲೆ, ಕತ್ತಲೆಕೋಣೆ ಅಲ್ಲಿಯ ನಿತ್ಯದ ವ್ಯವಹಾರ. ಮೆಕಾನಕಿ ಬಂದವನೇ ಶಿಕ್ಷೆಯನ್ನು ವರ್ಷದಲ್ಲಿ ಅಳೆಯುವುದನ್ನು ಬಿಟ್ಟು ಅಂಕಗಳಲ್ಲಿ ಅಳೆಯತೊಡಗಿದ. ಏಳು ವರ್ಷದ ಶಿಕ್ಷೆಗೆ ೬,೦೦೦ ಅಂಕ, ಹತ್ತು ವರ್ಷಕ್ಕೆ ೭,೦೦೦, ಜೀವಾವಧಿಗೆ ೧೦,೦೦೦. ಕೆಲಸದಿಂದ, ನಡತೆಯಿಂದ ಅಂಕ ಗಳಿಸಬೇಕು. ಹೆಚ್ಚಿನ ಊಟ ಉಪಚಾರ ಬೇಕಾದರೆ ಅದೇ ಅಂಕಗಳನ್ನು ವೆಚ್ಚ ಮಾಡಬೇಕು. ಕೆಲವು ಕಾಲವಾದ ಮೇಲೆ ಕೈದಿಗಳು ತಾವೇ ಆರಾರು ಜನರ ಗುಂಪು ಕಟ್ಟಿಕೊಳ್ಳಬೇಕು. ಒಬ್ಬನು ತಪ್ಪಿದರೆ ಆರೂ ಜನರ ಅಂಕ ಹೋಗುತ್ತದೆ. ನಮ್ಮ ಹಳ್ಳಿಯ ಕೂಡುಕುಟುಂಬದ ನ್ಯಾಯವೂ ಸರಿಸುಮಾರು ಇದೇ ಅಲ್ಲವೆ?

ಆ ವರ್ಷದ ಮೇ ೨೫ರಂದು ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬದ ಆಚರಣೆ. ಮೆಕಾನಕಿ ಬೆಳಗಾದೊಡನೆ ಬಾಗಿಲುಗಳನ್ನೆಲ್ಲ ತೆರೆಸಿ, ಹದಿನೈದು ನೂರಕ್ಕೂ ಮೇಲ್ಪಟ್ಟಿದ್ದ ಕೈದಿಗಳನ್ನು ದ್ವೀಪದ ಮೇಲೆ ಬಿಟ್ಟುಬಿಟ್ಟ. ಹಬ್ಬದ ಊಟ, ರಾಣಿಯ ಹೆಸರಿನಲ್ಲಿ ಕುಡಿಯಲು ನಿಂಬೆಯ ಪಾನಕದಲ್ಲಿ ಬೆರೆಸಿದ ಸ್ವಲ್ಪ ರಮ್ಮು, ಕೈದಿಗಳೇ ಆಡಿದ ನಾಟಕ, ಬಾಣ ಬಿರುಸು. ಸಂಜೆ ತುತೂರಿ ಊದಿದಾಗ ಎಲ್ಲರೂ ಬಂದು ತಮ್ಮ ತಮ್ಮ ಕೋಣೆ ಸೇರಿದರು. ಒಂದು ಅನರ್ಥವೂ ನಡೆಯಲಿಲ್ಲ. ಸುದ್ದಿ ಸಿಡ್ನಿಗೆ ಮುಟ್ಟಿದಾಗ ಮಾತ್ರ ದೊಡ್ಡ ಅನರ್ಥವಾಯಿತು! ಕಳ್ಳರಿಗೆ ಕೊಲೆಗಡುಕರಿಗೆ ರಮ್ಮು ಕುಡಿಸಿದ ಅಧಿಕಾರಿಯೆಂದು ಅವನನ್ನು ಜನ ಆಡಿಕೊಂಡರು.

ಮೆಕಾನಕಿ ಹೇಳುವ ಒಬ್ಬ ಕೈದಿಯ ಕಥೆ ಇದೆ. ಹೆಸರು ಚಾರ್ಲ್ಸ್ ಆಂಡರ್‌ಸನ್. ನೌಕಾದಳದಲ್ಲಿದ್ದಾಗ ತಲೆಗೆ ಪೆಟ್ಟಾಗಿ ಮುಂಗೋಪಿಯಾಗಿದ್ದವನು. ಸಿಡ್ನಿಯ ಬಂದರಿನಲ್ಲಿ ಒಂದು ಬಂಡೆಗೆ ಸರಪಳಿಯಿಂದ ಕಟ್ಟಿ ವರ್ಷಗಟ್ಟಲೆ ಇಟ್ಟಿದ್ದರಂತೆ. ಆಮೇಲೆ ಒಬ್ಬ ಮೇಲ್ವಿಚಾರಕನನ್ನು ಕೊಂದು ನಾರ್‌ಫೋಕಿಗೆ ಬಂದ. ಮೆಕಾನಕಿ ಅವನಿಗೆ ಪಳಗದ ಎತ್ತುಗಳ ಮೇಲ್ವಿಚಾರಣೆ ಕೊಟ್ಟು, ಮಿಕ್ಕವರು ಅವನನ್ನು ರೇಗಿಸದಂತೆ ಕಟ್ಟುಮಾಡಿದ. ಎತ್ತುಗಳೂ ಪಳಗಿದವು, ಅವನೂ ಪಳಗಿದ. ಕಡೆಗೆ ಬೆಟ್ಟದ ಮೇಲಿನ ಸಂಕೇತ ಕಂಬದ ಕೆಲಸ ಅವನದಾಯಿತು. ಅವನಿಂದ ಅಪಾಯವಿದೆಯೇ ಎಂದು ಯಾರಾದರೂ ಕೇಳಿದ್ದರೆ ಏನೆಂದು ಉತ್ತರ ಹೇಳಬೇಕಾಗಿತ್ತು? ರೇಗಿಸುವವರ ನಡುವೆ ಇಟ್ಟರೆ ಉಂಟು, ಎತ್ತುಗಳ ನಡುವೆ ಇಟ್ಟರೆ ಇಲ್ಲ. ಅಪಾಯ ಎನ್ನುವುದು ಅವನೊಳಗೆ ಎಷ್ಟಿತ್ತೋ, ಅವನನ್ನು ಇರಿಸಿದ ಜಾಗದಲ್ಲಿಯೂ ಅಷ್ಟೇ ಇತ್ತು.

ಮೆಕಾನಕಿಯ ಕೈಯಲ್ಲಿ ಬಿಡುಗಡೆಯ ಅಧಿಕಾರವಿರಲಿಲ್ಲ. ಅಂಕ ಪೂರ್ಣ ಗಳಿಸಿದವರನ್ನೂ ಅವನು ತಾನಾಗಿ ಹೊರಗೆ ಕಳುಹಿಸುವಂತಿರಲಿಲ್ಲ. ೧೮೪೪ರಲ್ಲಿ ಅವನನ್ನೇ ತೆಗೆದುಹಾಕಿದರು. ಬಂದವರು ಮತ್ತೆ ಚಾಟಿ ಹಿಡಿದರು. ೧೮೪೬ರ ಜುಲೈಯಲ್ಲಿ ಕೈದಿಗಳ ಅಡಿಗೆಯ ಪಾತ್ರೆಗಳನ್ನು ಕಿತ್ತುಕೊಂಡದ್ದೇ ನೆಪವಾಗಿ ದ್ವೀಪದಲ್ಲಿ ದಂಗೆ ಎದ್ದು ಕೊಲೆಗಳಾದವು.

ಅವನ ಅಂಕಗಳ ಮರ್ಮವನ್ನು ಹಿಡಿದು ಐರ್ಲೆಂಡಿನಲ್ಲಿ ಪೂರ್ತಿ ಏಣಿಯೊಂದನ್ನು ಕಟ್ಟಿದವನು ವಾಲ್ಟರ್ ಕ್ರಾಫ್ಟನ್. ೧೮೫೪ರಿಂದ ೧೮೬೨ರ ವರೆಗೆ ಅಲ್ಲಿಯ ಸೆರೆಮನೆಗಳು ಅವನ ವಶದಲ್ಲಿದ್ದವು. ಮೊದಲು ಡಬ್ಲಿನ್ನಿನ ಮೌಂಟ್‌ಜಾಯ್ ಸೆರೆಮನೆಯಲ್ಲಿ ಏಕಾಂತವಾಸ. ಆಮೇಲೆ ಸ್ಪೈಕ್ ದ್ವೀಪದಂಥ ಕಡೆ ಕೂಲಿ ಕೆಲಸ ಮತ್ತು ಅಂಕಗಳು. ಅದಾದ ಮೇಲೆ, ಬಿಡುಗಡೆಗೆ ಮುಂಚೆ, ‘ನಡುವಣ ಸೆರೆಮನೆ’. ಕ್ರಾಫ್ಟನ್ನನ ಹೊಸತನವೆಲ್ಲ ಈ ಮೂರನೆಯ ಮೆಟ್ಟಿಲಿನಲ್ಲಿದೆ. ಲಸ್ಕ್ ಎಂಬ ಹಳ್ಳಿಯಲ್ಲಿ ಕಬ್ಬಿಣದ ತಗಡಿನ ಗುಡಿಸಲುಗಳು, ಬೀಗವಿಲ್ಲ, ಗೋಡೆಯಿಲ್ಲ. ಕೆಲವೇ ಮಂದಿ ಕಾವಲಿನವರು, ಅವರ ಕೈಯಲ್ಲಿ ಆಯುಧವಿಲ್ಲ. ಬೀಳು ಭೂಮಿಯನ್ನು ಹಸನು ಮಾಡುವುದು ಕೈದಿಗಳ ಕೆಲಸ. ಭಾನುವಾರ ಊರವರ ಇಗರ್ಜಿಗೇ ಇವರೂ ಹೋಗುವರು. ಕ್ರಾಫ್ಟನ್ನನ ವಾದ ಸರಳ: ಓಡಿಹೋಗಲು ಅವಕಾಶವೇ ಇಲ್ಲದವನು ಓಡಿಹೋಗಲಿಲ್ಲವೆಂಬುದರಿಂದ ಏನೂ ಗೊತ್ತಾಗುವುದಿಲ್ಲ. ಅವಕಾಶ ಕೊಟ್ಟು ನೋಡಬೇಕು, ಊರವರೂ ನೋಡಬೇಕು, ಕೆಲಸ ಕೊಡುವ ಯಜಮಾನನೂ ನೋಡಬೇಕು. ಕೊನೆಯ ಮೆಟ್ಟಿಲು ‘ಟಿಕೆಟ್ ಆಫ್ ಲೀವ್’ ಎಂಬ ರಜೆಯ ಚೀಟಿ. ಶಿಕ್ಷೆಯ ಅವಧಿ ಉಳಿದಿರುತ್ತದೆ, ಆದರೆ ಮನುಷ್ಯ ಹೊರಗಿರುತ್ತಾನೆ. ತಪ್ಪಿದರೆ ಮತ್ತೆ ಒಳಕ್ಕೆ. ಡಬ್ಲಿನ್ನಿನಲ್ಲಿ ಜೇಮ್ಸ್ ಆರ್ಗನ್ ಎಂಬಾತ ಈ ಚೀಟಿಯವರಿಗೆ ಕೆಲಸ ಹುಡುಕಿಕೊಡುತ್ತ, ಅವರಿರುವಲ್ಲಿಗೇ ಹೋಗಿ ವಿಚಾರಿಸಿಕೊಂಡು ಬರುತ್ತಿದ್ದ. ಅವನು ಸೆರೆಮನೆಯಲ್ಲಿ ಕೈದಿಗಳಿಗೆ ಪಾಠ ಹೇಳುತ್ತಿದ್ದವನು ಎಂಬುದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಇಂಗ್ಲೆಂಡಿನಲ್ಲಿಯೂ ಇಂಥ ಚೀಟಿ ಇತ್ತು. ಆದರೆ ಅಲ್ಲಿ ಕೊಟ್ಟವರು ಕೊಟ್ಟು ಮರೆತರು. ೧೮೬೨ರ ಬೇಸಿಗೆಯಲ್ಲಿ ಲಂಡನ್ನಿನ ಬೀದಿಯಲ್ಲಿ ಪಾರ್ಲಿಮೆಂಟಿನ ಸದಸ್ಯನೊಬ್ಬನ ಕುತ್ತಿಗೆ ಹಿಸುಕಿ ಸುಲಿದರು. ಪತ್ರಿಕೆಗಳು ಬೊಬ್ಬೆ ಹಾಕಿದವು. ಕತ್ತಲಾದ ಮೇಲೆ ಸಿಕ್ಕಿದವರೆಲ್ಲ ಚೀಟಿಯವರೇ ಎಂಬಷ್ಟು ಭೀತಿ ಹಬ್ಬಿತು. ಮರುವರ್ಷ ಅಂಥ ಸುಲಿಗೆಗಾರರಿಗೆ ಛಡಿಯೇಟಿನ ಕಾನೂನು ಬಂತು. ಅದರ ಮರುವರ್ಷ ಚೀಟಿಯ ನಿಯಮಗಳು ಬಿಗಿಯಾದವು.

ಈಗ ಮೇಯೋನ ಕಡೆಗೆ ಬರೋಣ. ವೈಸರಾಯ್ ಆಗುವುದಕ್ಕೆ ಮುನ್ನ ಈತ ಮೂರು ಸಲ ಐರ್ಲೆಂಡಿನ ಚೀಫ್ ಸೆಕ್ರೆಟರಿಯಾಗಿದ್ದ. ೧೮೫೮-೫೯ರಲ್ಲಿ ಅವನು ಆ ಸ್ಥಾನದಲ್ಲಿದ್ದಾಗ ಕ್ರಾಫ್ಟನ್ನನ ಏಣಿ ಅಲ್ಲಿ ನಡೆಯುತ್ತಿತ್ತು. ಇತ್ತ ನಮ್ಮವರಿಗೂ ಏಣಿ ಹೊಸದಲ್ಲ. ಸಿಂಗಪುರಕ್ಕೆ ಗಡೀಪಾರಾಗಿ ಹೋಗಿದ್ದ ಭಾರತೀಯ ಕೈದಿಗಳನ್ನು ಅಲ್ಲಿ ದರ್ಜೆ ದರ್ಜೆಯಾಗಿ ಮೇಲಕ್ಕೆತ್ತಿ, ಅವರಲ್ಲೇ ಕೆಲವರನ್ನು ಕಾವಲುಗಾರರನ್ನಾಗಿ ಮಾಡುತ್ತಿದ್ದರು. ಆ ಊರಿನ ಸೇಂಟ್ ಆಂಡ್ರೂಸ್ ಇಗರ್ಜಿಯನ್ನು ಕಟ್ಟಿದ್ದು ಅವರೇ. ಐವತ್ತೇಳರ ದಂಗೆಯ ತರುವಾಯ, ೧೮೫೮ರಲ್ಲಿ ಅಂಡಮಾನ್ ತೆರೆಯಿತು. ನಮ್ಮ ಜನ ‘ಕರಿನೀರಿನ ಶಿಕ್ಷೆ’ ಎಂದದ್ದು ಇದನ್ನೇ. ಮೇಯೋನ ಕಾಲಕ್ಕೆ ಅಲ್ಲಿ ಏಳೆಂಟು ಸಾವಿರ ಕೈದಿಗಳು. ಅಲ್ಲಿಯ ಅವ್ಯವಸ್ಥೆಯ ಸುದ್ದಿ ಕೇಳಿ ಅವನು ಹೊಸ ನಿಯಮಗಳನ್ನು ಮಾಡಿಸಿದ. ಜನರಲ್ ಸ್ಟೂವರ್ಟ್ ಎಂಬವನನ್ನು ಮುಖ್ಯಾಧಿಕಾರಿಯಾಗಿ ಕಳುಹಿಸಿದ. ತಾನೇ ಕಣ್ಣಾರೆ ನೋಡಬೇಕೆಂದು ಹೊರಟ.

ಶೇರ್ ಅಲಿ ವಾಯವ್ಯ ಗಡಿನಾಡಿನ ಆಫ್ರಿದಿ ಪಠಾಣ. ಪೇಷಾವರದಲ್ಲಿ ಕುದುರೆ ಪೊಲೀಸಿನವನಾಗಿದ್ದು, ಕಮೀಷನರನ ಆರ್ಡರ್ಲಿಯಾಗಿದ್ದು, ಇಂಗ್ಲಿಷ್ ಅಧಿಕಾರಿಗಳಿಂದ ಪ್ರಶಂಸೆ ಪಡೆದವನು. ಕುಲದ್ವೇಷದಲ್ಲಿ ತನ್ನ ಬಂಧುವೊಬ್ಬನನ್ನು ಕೊಂದ. ೧೮೬೭ರಲ್ಲಿ ಮರಣದಂಡನೆಯಾಗಿ, ಅದು ಕರಿನೀರಿಗೆ ಇಳಿಯಿತು. ಹಗೆ ತೀರಿಸಿಕೊಳ್ಳುವುದು ಅವನ ನಾಡಿನ ಲೆಕ್ಕದಲ್ಲಿ ಪಾಪವಲ್ಲ. ಅದಕ್ಕಾಗಿ ತನ್ನನ್ನು ಹೀಗೆ ಮಾಡಿದವರ ಮೇಲೆ ಅವನಿಗೆ ಹೊಸ ಹಗೆ ಹುಟ್ಟಿತು. ಇಂಗ್ಲಿಷರಲ್ಲಿ ದೊಡ್ಡವನೊಬ್ಬನನ್ನು ಕೊಲ್ಲಬೇಕೆಂದು ನಿಶ್ಚಯಿಸಿ, ಅದನ್ನು ಬಾಯಿಬಿಡದೆ ವರ್ಷಗಳ ಕಾಲ ಕಾದ. ಆ ವರ್ಷಗಳಲ್ಲಿ ಅವನ ನಡತೆಗೆ ಒಂದು ಕಪ್ಪು ಚುಕ್ಕೆ ಇರಲಿಲ್ಲ. ಪೋರ್ಟ್ ಬ್ಲೇರಿನ ಎದುರು ದಡದ ಹೋಪ್‌ಟೌನಿನಲ್ಲಿ, ರಜೆಯ ಚೀಟಿ ಪಡೆದ ಕೈದಿಗಳ ನಡುವೆ, ಅವನಿಗೆ ಕ್ಷೌರಿಕನ ಕೆಲಸ ಸಿಕ್ಕಿತು. ಕೊಲೆ ಮಾಡಿ ಬಂದವನ ಕೈಗೆ ಸರ್ಕಾರವೇ ಕತ್ತಿ ಕೊಟ್ಟು, ಇತರರು ಅದರ ಮುಂದೆ ಕೊರಳು ಚಾಚುವಷ್ಟು ನಂಬಿಕೆ.

ಫೆಬ್ರವರಿ ೮ರಂದು ವೈಸರಾಯ್ ಬಂದಿಳಿದಾಗ ತೋಪು ಹಾರಿತು. ಶೇರ್ ಅಲಿ ಚೂರಿ ಮಸೆದುಕೊಂಡ. ಹಗಲೆಲ್ಲ ಮೇಯೋ ದುಷ್ಟ ಕೈದಿಗಳಿದ್ದ ವೈಪರ್ ಮುಂತಾದ ಕಡೆ ಸುತ್ತಿದ. ಅಪಾಯವಿದ್ದರೆ ಅಲ್ಲಿ ಎಂದುಕೊಂಡು ಅಲ್ಲೆಲ್ಲ ಬಿಗಿಯಾದ ಕಾವಲು ಹಾಕಿದ್ದರು. ಏನೂ ಆಗಲಿಲ್ಲ. ಸಂಜೆಗೆ ಇನ್ನೂ ಬೆಳಕಿದ್ದುದರಿಂದ, ಮೌಂಟ್ ಹ್ಯಾರಿಯೆಟ್ ಬೆಟ್ಟ ಹತ್ತಿ ಸೂರ್ಯಾಸ್ತ ನೋಡೋಣವೆಂದ. ಬೆಟ್ಟದ ಬುಡದಲ್ಲಿಯೇ ಹೋಪ್‌ಟೌನು, ಸನ್ನಡತೆಯವರ ಊರು. ಇಳಿದು ಬರುವಾಗ ಕತ್ತಲಾಗಿತ್ತು; ಪಂಜಿನವರು ಮುಂದೆ. ದೋಣಿ ಹತ್ತಲು ಕಟ್ಟೆಯ ಮೇಲೆ ನಡೆಯುತ್ತಿದ್ದಾಗ, ಶೇರ್ ಅಲಿ ಹಿಂದಿನಿಂದ ಹಾರಿ ಬೆನ್ನಿಗೆ ಎರಡು ಸಲ ಇರಿದ. ಮೇಯೋ ನೀರಿಗೆ ಬಿದ್ದ. ಎತ್ತಿ ದೋಣಿಯಲ್ಲಿ ಮಲಗಿಸಿದರು. ಹೆಂಡತಿ ಕಾಯುತ್ತಿದ್ದ ಹಡಗನ್ನು ಮುಟ್ಟುವ ಮೊದಲೇ ಪ್ರಾಣ ಹೋಯಿತು. ಮಾರ್ಚಿ ೧೧ರಂದು ಶೇರ್ ಅಲಿಯನ್ನು ವೈಪರ್ ದ್ವೀಪದಲ್ಲಿ ಗಲ್ಲಿಗೇರಿಸಿದರು.

ಅವನಿಗೆ ಸಲಿಗೆ ಕೊಟ್ಟ ಅಧಿಕಾರಿ ತಪ್ಪು ಮಾಡಿದನೇ? ಅವನು ನೋಡಿದ್ದನ್ನು ಸರಿಯಾಗಿಯೇ ನೋಡಿದ್ದ. ಆದರೆ ನೋಡಲು ಸಿಕ್ಕಿದ್ದು ಸೆರೆಯೊಳಗಿನ ನಡತೆ ಮಾತ್ರ. ಹಟ ಹಿಡಿದು ಕಾಯಬಲ್ಲವನೂ ತಿದ್ದಿಕೊಂಡವನೂ ಅಲ್ಲಿ ಒಂದೇ ಥರ ಕಾಣುತ್ತಾರೆ. ಇಬ್ಬರೂ ಹೇಳಿದ ಕೆಲಸ ಮಾಡುತ್ತಾರೆ, ಜಗಳಕ್ಕೆ ಹೋಗುವುದಿಲ್ಲ, ಸಲಾಮು ತಪ್ಪಿಸುವುದಿಲ್ಲ. ಹೀಗೆಂದು, ಚೀಟಿ ಪಡೆದವರನ್ನೆಲ್ಲ ಮತ್ತೆ ಕಟ್ಟಿಹಾಕಿದ್ದರೆ ನ್ಯಾಯವಾಗುತ್ತಿತ್ತೇ? ಹೋಪ್‌ಟೌನಿನಲ್ಲಿ ಆ ಸಂಜೆ ಅವನಂತೆಯೇ ಸನ್ನಡತೆಯ ಮೇಲೆ ಬಂದ ಬೇರೆ ಕೈದಿಗಳೂ ಇದ್ದರು. ಅವರು ಯಾರನ್ನೂ ಇರಿಯಲಿಲ್ಲ; ಆದ್ದರಿಂದ ಅವರ ಹೆಸರು ಯಾವ ಚರಿತ್ರೆಯಲ್ಲಿಯೂ ಇಲ್ಲ. ಬಿಟ್ಟು ಕೆಟ್ಟದ್ದು ಎಲ್ಲರ ಕಣ್ಣಿಗೆ ಬೀಳುತ್ತದೆ. ಬಿಡದೆ ಕೆಡಿಸಿದ್ದು ಗೋಡೆಯ ಒಳಗೇ ಮುಗಿಯುತ್ತದೆ.

ಅಂಡಮಾನಿನ ಏಣಿಯನ್ನು ಅವರು ಕಿತ್ತುಹಾಕಲಿಲ್ಲ. ೧೮೯೦ರಲ್ಲಿ ಲಯಲ್ ಮತ್ತು ಲೆತ್‌ಬ್ರಿಜ್ ಎಂಬ ಅಧಿಕಾರಿಗಳು ಬಂದು ನೋಡಿ, ಮೊದಲ ಮೆಟ್ಟಿಲು ಸಾಲದಷ್ಟು ಕಠಿಣವಾಗಿದೆ ಎಂದರು. ಅದರ ಫಲವೇ ನಮಗೆಲ್ಲ ಬೇರೆ ಕಾರಣದಿಂದ ಪರಿಚಿತವಾದ ಸೆಲ್ಯುಲರ್ ಜೈಲು. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಕ್ರಮ ಹೀಗಿತ್ತು: ಆರು ತಿಂಗಳು ಒಂಟಿ ಕೋಣೆ, ಹದಿನೆಂಟು ತಿಂಗಳು ಇತರರ ಜೊತೆ ಕಠಿಣ ದುಡಿಮೆ, ಮೂರು ವರ್ಷ ಹಗಲು ಹೊರಗೆ, ರಾತ್ರಿ ಬೀಗದಲ್ಲಿ, ಮುಂದಿನ ಐದು ವರ್ಷ ಹಗುರವಾದ ಕೆಲಸ, ಅಲ್ಪಸ್ವಲ್ಪ ಭತ್ಯ. ಹತ್ತು ವರ್ಷ ತುಂಬಿದ ಮೇಲೆ ಚೀಟಿ. ಆಗ ಹಳ್ಳಿಯಲ್ಲಿ ಹೊಲ ಮಾಡಬಹುದು, ದನ ಕಟ್ಟಬಹುದು, ಮದುವೆಯಾಗಬಹುದು ಅಥವಾ ಊರಿನಿಂದ ಸಂಸಾರ ಕರೆಸಿಕೊಳ್ಳಬಹುದು. ಪೂರ್ತಿ ಬಿಡುಗಡೆ ಇಪ್ಪತ್ತು ಇಪ್ಪತ್ತೈದು ವರ್ಷದ ಮೇಲಿನ ಮಾತು.

ಮನುಷ್ಯನನ್ನು ಮನುಷ್ಯ ನೋಡಿ ತೀರ್ಮಾನಿಸುವುದರಲ್ಲಿ ನಂಬಿಕೆ ಸಾಲದೆ, ಅಮೆರಿಕದವರು ಲೆಕ್ಕಕ್ಕೆ ಕೈಹಾಕಿದರು. ೧೯೨೮ರಲ್ಲಿ ಎರ್ನೆಸ್ಟ್ ಬರ್ಜೆಸ್ ಎಂಬ ಸಮಾಜಶಾಸ್ತ್ರಜ್ಞ ಇಲಿನಾಯ್ ಸಂಸ್ಥಾನದ ಸೆರೆಮನೆಗಳಿಂದ ಪೆರೋಲಿನ ಮೇಲೆ ಹೊರಬಿದ್ದ ೩,೦೦೦ ಜನರ ದಾಖಲೆ ತೆಗೆದು, ೨೧ ಅಂಶಗಳನ್ನು ಗೊತ್ತುಮಾಡಿ, ಅನುಕೂಲವಾದ ಒಂದೊಂದು ಅಂಶಕ್ಕೆ ಒಂದೊಂದು ಅಂಕ ಕೊಟ್ಟ. ಹದಿನಾರು ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದವರಲ್ಲಿ ಪೆರೋಲಿನ ನಿಯಮ ಮುರಿದವರು ನೂರಕ್ಕೆ ಒಂದೂವರೆ. ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಬಂದವರಲ್ಲಿ ನೂರಕ್ಕೆ ೭೬. ಜೀವವಿಮೆಯವರ ಲೆಕ್ಕದಂತೆ ಇದು ಬೆರಗಾಗುವಷ್ಟು ಚೆನ್ನಾಗಿದೆ. ಆದರೆ ಅವನ ಅಂಶಗಳಲ್ಲಿ ‘ಅಲೆಮಾರಿ’, ‘ಕೆಲಸಕ್ಕೆ ಬಾರದವನು’, ‘ಹೊಸದಾಗಿ ವಲಸೆ ಬಂದವನು’ ಎಂಬಂಥ ಹಣೆಪಟ್ಟಿಗಳೂ ಇದ್ದವು. ಅದಕ್ಕಿಂತ ದೊಡ್ಡ ತೊಡಕೆಂದರೆ, ಆ ೭೬ರ ಪಕ್ಕದಲ್ಲಿ ಉಳಿದ ೨೪ ಜನ ಯಾರು ಎಂಬುದು. ವಿಮೆಯ ಕಂಪನಿಗೆ ನೂರು ಜನರ ಲೆಕ್ಕ ಸಾಕು. ನನ್ನ ಬಾಗಿಲಿಗೆ ಬಂದ ತಾಯಿಗೆ ಇದ್ದವನು ಒಬ್ಬ ಮಗ.

ನಮ್ಮ ದೇಶದಲ್ಲಿ ಜೀವಾವಧಿ ಎಂದರೆ ಬದುಕಿನ ಉದ್ದಕ್ಕೂ ಎಂದು ಸುಪ್ರೀಂ ಕೋರ್ಟು ೧೯೬೧ರಲ್ಲಿಯೇ ಹೇಳಿದೆ. ಬಿಡುವುದು ಬಿಡದಿರುವುದು ಸರ್ಕಾರದ ವಿವೇಚನೆ. ಮರಣದಂಡನೆಯೂ ಆಗಬಹುದಾಗಿದ್ದ ಅಪರಾಧವಾದರೆ ಹದಿನಾಲ್ಕು ವರ್ಷವಾದರೂ ಒಳಗಿರಲೇಬೇಕೆಂದು ೧೯೭೮ರಲ್ಲಿ ಕಾನೂನಾಯಿತು. ೨೦೦೦ದಲ್ಲಿ ಲಕ್ಷ್ಮಣ ನಸ್ಕರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸರ್ಕಾರಗಳು ಕೇಳಿಕೊಳ್ಳಬೇಕಾದ ಐದು ಪ್ರಶ್ನೆಗಳನ್ನು ಹೇಳಿತು. ಅಪರಾಧ ಇಡೀ ಸಮಾಜವನ್ನು ತಟ್ಟಿದ್ದೇ, ಅಥವಾ ಒಬ್ಬನ ಮಟ್ಟಿಗೆ ನಿಂತದ್ದೇ; ಮತ್ತೆ ನಡೆಯುವ ಸಂಭವವುಂಟೇ; ಅಪರಾಧ ಮಾಡುವ ಶಕ್ತಿ ಅವನಲ್ಲಿ ಇನ್ನೂ ಉಳಿದಿದೆಯೇ; ಇನ್ನು ಒಳಗಿಡುವುದರಿಂದ ಏನಾದರೂ ಪ್ರಯೋಜನವುಂಟೇ; ಮನೆಯವರ ಸ್ಥಿತಿ ಏನು. ಒಳ್ಳೆಯ ಪ್ರಶ್ನೆಗಳು. ಎರಡನೆಯದಕ್ಕೆ ಉತ್ತರ ಬರೆಯಬೇಕಾದವರ ಮೇಲೆ ನನಗೆ ಈಗ ಕನಿಕರವಿದೆ.

ಕ್ರಾಫ್ಟನ್ನನ ಮೂರನೆಯ ಮೆಟ್ಟಿಲೂ ನಮ್ಮಲ್ಲಿ ಬೇರು ಬಿಟ್ಟಿತು. ಸಾತಾರೆಯ ಕಡೆಯ ಔಂಧ್ ಸಂಸ್ಥಾನದಲ್ಲಿ ಮಾರಿಸ್ ಫ್ರಿಡ್‌ಮನ್ ಎಂಬ ಪೋಲೆಂಡಿನ ಎಂಜಿನಿಯರ್ ಕೈದಿಗಳನ್ನು ಗೋಡೆಯಿಲ್ಲದ ಬಯಲಲ್ಲಿ ಬೇಸಾಯಕ್ಕೆ ಹಚ್ಚಿ, ಆ ನೆಲೆಗೆ ಸ್ವತಂತ್ರಪುರ ಎಂದು ಹೆಸರಾಯಿತು. ಈತ ಅದಕ್ಕೆ ಮುಂಚೆ ನಮ್ಮ ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ವಿದ್ಯುತ್ ಕಾರ್ಖಾನೆಯನ್ನು ನಡೆಸುತ್ತಿದ್ದವನು. ೧೯೫೭ರಲ್ಲಿ ಶಾಂತಾರಾಮರು ಮಾಡಿದ ‘ದೋ ಆಂಖೇ ಬಾರಹ್ ಹಾಥ್’ ಚಿತ್ರದ ಮೂಲ ಆ ಸ್ವತಂತ್ರಪುರವೇ. ರಾಜಸ್ಥಾನದಲ್ಲಿ, ಸಂಪೂರ್ಣಾನಂದರು ರಾಜ್ಯಪಾಲರಾಗಿದ್ದಾಗ, ೧೯೬೩ರಲ್ಲಿ ಸಾಂಗಾನೇರಿನ ಬಯಲು ಸೆರೆಮನೆ ಆರಂಭವಾಯಿತು. ಕೈದಿಗಳು ಅಲ್ಲಿ ಹೆಂಡತಿ ಮಕ್ಕಳೊಡನೆ ಇದ್ದು, ಹಗಲು ಊರೊಳಗೆ ದುಡಿದು, ಸಂಜೆ ಹಾಜರಿಗೆ ಮರಳುತ್ತಾರೆ.

ಐದನೆಯ ವಾರ ಆ ತಾಯಿ ಮತ್ತೆ ಬಂದರು. ನಾನು ಕಾಗದ ಬರೆದಿಟ್ಟಿದ್ದೆ. ‘ಇನ್ನು ಮುಂದೆ ಇಂಥದು ಮಾಡುವುದಿಲ್ಲ’ ಎಂಬ ಮಾತು ಅದರಲ್ಲಿರಲಿಲ್ಲ. ಎರಡು ವರ್ಷ ನನ್ನ ವಿದ್ಯಾರ್ಥಿಯಾಗಿದ್ದ, ಆಗ ಇಂಥವನಾಗಿದ್ದ. ಬಿಡುಗಡೆಯಾದರೆ ಅವನು ಊರಿಗೆ ಹೋಗದೆ ಪೇಟೆಯಲ್ಲಿಯೇ ಇರುವುದು ಎರಡು ಮನೆಗೂ ಕ್ಷೇಮವೆಂದು ನನಗೆ ತೋರುತ್ತದೆ. ನನಗೆ ಪರಿಚಯದ ಮುದ್ರಣಾಲಯವೊಂದರಲ್ಲಿ ಅವನಿಗೆ ಕೆಲಸ ಕೊಡಲು ಒಪ್ಪಿದ್ದಾರೆ. ತಿಂಗಳಿಗೊಮ್ಮೆ ನಾನು ಹೋಗಿ ನೋಡಿಕೊಂಡು ಬರುತ್ತೇನೆ. ಇಷ್ಟನ್ನೇ ಬರೆದಿದ್ದೆ. ಓದಿ ಹೇಳಿದೆ. ಅವರು ಪೂರ್ತಿ ಕೇಳಿ, “ಅವ್ನು ಊರಿಗೆ ಬರಂಗಿಲ್ವಾ ಮೇಷ್ಟ್ರೇ?” ಎಂದರು.

ನಾನು ಏನೂ ಹೇಳಲಿಲ್ಲ. ಅವರು ಸ್ವಲ್ಪ ಹೊತ್ತು ಕುಳಿತಿದ್ದು, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲದೊಳಗಿಟ್ಟುಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಎದ್ದರು.